ಮಗಳ ರೋಬಾಟು, ಅಮ್ಮನ ಪಾಠ

ಮಕ್ಕಳಿಗೆಂದು ತಂದ ರೋಬಾಟ್ ಕಿಟ್ ನಿಮ್ಮ ಮನೆಯಲ್ಲೂ ಬೀರುವಿನ ಮೇಲೆ ದೂಳು ಹಿಡಿಯುತ್ತಿದೆಯೇ? ಕೆಳಗಿಳಿಸಿ, ಮಗುವಿನ ಜತೆ ನೀವೂ ನೆಲದ ಮೇಲೆ ಕುಳಿತುಕೊಳ್ಳಿ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕೆಂದೇನಿಲ್ಲ.

‘ನಿಂಗೆ ಗೊತ್ತಾಗಲ್ಲ ಬಿಡಮ್ಮ!’

ಈ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು, ಅಲ್ಲವೇ? ಮೊಬೈಲಿನಲ್ಲಿ ಏನೋ ಒತ್ತಿ ಇನ್ನೆಲ್ಲಿಗೋ ಹೋಗಿ ಸಿಕ್ಕಿಹಾಕಿಕೊಂಡಾಗ, ಮಕ್ಕಳು ನಮ್ಮ ಕೈಯಿಂದ ಅದನ್ನು ಕಿತ್ತುಕೊಂಡು, ಎರಡೇ ಸೆಕೆಂಡಿನಲ್ಲಿ ಸರಿಮಾಡಿ, ಹೇಳುವ ಮಾತು ಇದೇ. ಕೇಳಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಒಳಗೆಲ್ಲೋ ಚುರುಕ್ ಅನ್ನುತ್ತದೆ.

ನನ್ನ ಮಗಳು ಆರನೇ ತರಗತಿ. ನಾಲ್ಕನೇ ತರಗತಿಯವರೆಗೂ ಅವಳಿಗೆ ಎಲ್ಲ ಪಾಠ ನಾನೇ ಹೇಳಿಕೊಡುತ್ತಿದ್ದೆ. ಆಮೇಲೆ ಗಣಿತಕ್ಕೆ ಟ್ಯೂಷನ್ ಬಂತು, ಕಂಪ್ಯೂಟರ್‌ಗೆ ಅವರಪ್ಪ ಬಂದರು. ಬಿ.ಎ. ಓದಿದ ನನ್ನ ಪಾಲಿಗೆ ಉಳಿದಿದ್ದು ಕನ್ನಡ, ಸಮಾಜ ಮತ್ತು ಟಿಫನ್ ಡಬ್ಬಿ! ಕಳೆದ ಸಲ ಅವಳ ಹುಟ್ಟುಹಬ್ಬಕ್ಕೆ ಅವಳ ಚಿಕ್ಕಪ್ಪ ಒಂದು ರೋಬಾಟ್ ಕಿಟ್ ತಂದುಕೊಟ್ಟರು. ಎರಡು ದಿನ ಡಬ್ಬ ತೆಗೆದು ನೋಡಿದ್ದೇ ನೋಡಿದ್ದು. ‘ಅಪ್ಪ ಫ್ರೀ ಆದಾಗ ಮಾಡೋಣ’ ಅಂದಳು. ಅಪ್ಪ ಫ್ರೀ ಆಗಲಿಲ್ಲ. ಡಬ್ಬ ಬೀರುವಿನ ಮೇಲೇರಿತು. ನಾಲ್ಕು ತಿಂಗಳು ಅಲ್ಲೇ ಇತ್ತು.

ದಸರಾ ರಜೆಗೆ ಮನೆ ಒರೆಸುವಾಗ ಅದು ಕೈಗೆ ಸಿಕ್ಕಿತು. ‘ಬಾರೇ, ನಾವಿಬ್ಬರೇ ಮಾಡೋಣ’ ಎಂದೆ. ಉತ್ತರ ನಿಮಗೆ ಗೊತ್ತೇ ಇದೆ: ‘ನಿಂಗೆ ಗೊತ್ತಾಗಲ್ಲ ಬಿಡಮ್ಮ.’

‘ನಿನಗೆ ಗೊತ್ತಾ ಹಾಗಾದ್ರೆ?’ ಅಂದೆ. ‘ಇಲ್ಲ’ ಅಂದಳು.

ಸರಿ, ಇಬ್ಬರಿಗೂ ಗೊತ್ತಿಲ್ಲ. ಅಲ್ಲಿಂದಲೇ ಶುರು ಮಾಡಿದೆವು.

ರೋಬಾಟ್ ಅಂದರೆ ಏನು?

ರೋಬಾಟ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸಿನಿಮಾದ ಲೋಹದ ಮನುಷ್ಯ. ಈ ಪದ ಹುಟ್ಟಿದ್ದು ಒಂದು ನಾಟಕದಲ್ಲಿ. ಚೆಕ್ ಭಾಷೆಯ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕದಲ್ಲಿ ಮನುಷ್ಯರ ಬದಲು ದುಡಿಯುವ ಕೃತಕ ಆಳುಗಳಿಗೆ ಈ ಹೆಸರು. ಹೆಸರು ಸೂಚಿಸಿದ್ದು ಅವರ ಅಣ್ಣ ಜೋಸೆಫ್. ಮೂಲ ಪದ ‘ರೊಬೊಟ’. ಅರ್ಥವೇನು ಗೊತ್ತೇ? ಬಿಟ್ಟಿ ಚಾಕರಿ! ಇದನ್ನು ಓದಿದಾಗ ನನಗಂತೂ ನಗು ತಡೆಯಲಾಗಲಿಲ್ಲ. ಸಂಬಳವಿಲ್ಲದೆ ಬೆಳಗಿನಿಂದ ರಾತ್ರಿವರೆಗೆ ದುಡಿಯುವವರ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ತಮಾಷೆ ಬಿಡಿ. ರೋಬಾಟ್ ಅನ್ನಿಸಿಕೊಳ್ಳಲು ಕೈಕಾಲು, ಮುಖ ಬೇಕಾಗಿಲ್ಲ. ಮೂರು ಕೆಲಸ ಮಾಡಿದರೆ ಸಾಕು. ಸುತ್ತ ಏನಾಗುತ್ತಿದೆ ಎಂದು ತಿಳಿಯಬೇಕು, ಏನು ಮಾಡಬೇಕೆಂದು ತೀರ್ಮಾನಿಸಬೇಕು, ಮಾಡಬೇಕು. ತಿಳಿಯುವ ಭಾಗಕ್ಕೆ ಸೆನ್ಸಾರ್ ಎನ್ನುತ್ತಾರೆ. ಮಾಡುವ ಭಾಗ ಮೋಟಾರು, ದೀಪ, ಬಜರ್. ನಡುವೆ ತೀರ್ಮಾನಿಸುವ ಪುಟ್ಟ ಕಂಪ್ಯೂಟರ್‌ಗೆ ನಾವು ಮೊದಲೇ ಬರೆದುಕೊಡುವ ಸೂಚನೆಗಳ ಪಟ್ಟಿಯೇ ಪ್ರೋಗ್ರಾಂ. ನಿಮ್ಮ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ನೆನಪಿಸಿಕೊಳ್ಳಿ. ನೀರು ಎಷ್ಟು ತುಂಬಿತೆಂದು ಅದಕ್ಕೆ ತಿಳಿಯುತ್ತದೆ, ತುಂಬಿದರೆ ನಲ್ಲಿ ನಿಲ್ಲಿಸುತ್ತದೆ, ಡ್ರಮ್ ತಿರುಗಿಸುತ್ತದೆ. ರೋಬಾಟಿನ ಹತ್ತಿರದ ಸಂಬಂಧಿಯನ್ನು ನೀವು ದಿನಾ ಬಟ್ಟೆ ಹಾಕಿ ಮಾತಾಡಿಸುತ್ತಿದ್ದೀರಿ.

ಮೊದಲ ವಾರ ಕಿಟ್ ಮುಟ್ಟಬೇಡಿ

ಇದು ನಾನು ತಡವಾಗಿ ಕಲಿತ ಪಾಠ. ಡಬ್ಬ ತೆರೆದ ಕೂಡಲೇ ವೈರು, ಸ್ಕ್ರೂ ನೋಡಿ ಮಕ್ಕಳಿಗೂ ಗಾಬರಿ, ನಮಗೂ ಗಾಬರಿ. ಅದರ ಬದಲು ಮೊದಲು ಒಂದು ಆಟ ಆಡಿ. ಖರ್ಚು, ಒಂದು ನಿಂಬೆಹಣ್ಣು.

ನೀವು ರೋಬಾಟ್ ಆಗಿ. ಮಗು ನಿಮಗೆ ಪಾನಕ ಮಾಡಲು ಸೂಚನೆ ಕೊಡಬೇಕು. ನೀವು ಸ್ವಂತ ಬುದ್ಧಿ ಒಂದಿಷ್ಟೂ ಉಪಯೋಗಿಸಕೂಡದು. ನನ್ನ ಮಗಳು ‘ನಿಂಬೆಹಣ್ಣು ಹಿಂಡು’ ಎಂದಳು. ನಾನು ಇಡೀ ಹಣ್ಣನ್ನೇ ಹಿಸುಕುತ್ತಾ ನಿಂತೆ. ‘ಅಯ್ಯೋ, ಕತ್ತರಿಸಮ್ಮ!’ ಹೇಳಿರಲಿಲ್ಲವಲ್ಲ! ‘ಸಕ್ಕರೆ ಹಾಕು’ ಎಂದಳು. ಎಷ್ಟು ಎಂದು ಹೇಳಲಿಲ್ಲ. ನಾನು ಡಬ್ಬಿ ಬಗ್ಗಿಸಿದೆ, ಅಷ್ಟರಲ್ಲಿ ನಮ್ಮತ್ತೆ ಓಡಿ ಬಂದರು. ಮೂರನೇ ಸಲಕ್ಕೆ ಅವಳು ಹಾಳೆ ತೆಗೆದುಕೊಂಡು ಒಂದೊಂದೇ ಹೆಜ್ಜೆ ಬರೆದಳು. ಅವಳ ಜೀವನದ ಮೊದಲ ಪ್ರೋಗ್ರಾಂ ಅದು. ಯಂತ್ರಕ್ಕೆ ‘ಸ್ವಲ್ಪ’, ‘ಹದವಾಗಿ’, ‘ಒಗ್ಗರಣೆ ಚಟಪಟ ಅನ್ನೋವಾಗ’ ಎಂಬುದೆಲ್ಲ ಅರ್ಥವಾಗುವುದಿಲ್ಲ. ಎಷ್ಟು, ಯಾವಾಗ, ಯಾವುದಾದ ಮೇಲೆ ಯಾವುದು — ಬಿಡಿಸಿ ಹೇಳಬೇಕು.

ಪ್ರೋಗ್ರಾಮಿಂಗ್‌ನಲ್ಲಿ ಮೊದಲು ಕಲಿಯುವುದು ಮೂರು ನಾಲ್ಕು ವಿಷಯ. ಎಲ್ಲವೂ ನಮ್ಮ ಅಡುಗೆಮನೆಯಲ್ಲೇ ಇವೆ.

* ಹಿಟ್ಟು ಮುಗಿಯುವ ತನಕ ಹುಯ್ಯಿ, ಬೇಯಿಸು, ಮಗುಚು, ತೆಗಿ. ಅದದೇ ಕೆಲಸ ಮತ್ತೆ ಮತ್ತೆ ಮಾಡಿಸುವುದಕ್ಕೆ ‘ಲೂಪ್’ ಎನ್ನುತ್ತಾರೆ.

* ಹಾಲು ಉಕ್ಕಿದರೆ ಉರಿ ಸಣ್ಣ ಮಾಡು, ಇಲ್ಲದಿದ್ದರೆ ಹಾಗೇ ಇರಲಿ. ಇದು ‘ಇಫ್–ಎಲ್ಸ್’.

* ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಮನಸ್ಸಿನಲ್ಲಿ ಎಣಿಸಿಟ್ಟುಕೊಳ್ಳುತ್ತೀರಲ್ಲ, ಒಂದು, ಎರಡು, ಮೂರು ಎಂದು ಬದಲಾಗುವ ಆ ಲೆಕ್ಕವೇ ‘ವೇರಿಯಬಲ್’.

ಇದನ್ನು ಹೇಳಿದಾಗ ಮಗಳು ‘ಹಾಗಾದ್ರೆ ಅಜ್ಜಿ ದೊಡ್ಡ ಪ್ರೋಗ್ರಾಮರ್!’ ಎಂದಳು. ನಮ್ಮತ್ತೆಗೆ ಏನೂ ಅರ್ಥವಾಗದಿದ್ದರೂ ಖುಷಿಯಾಯಿತು.

ಆಮೆಯೂ ರಂಗೋಲಿಯೂ

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು ಈಚಿನ ಫ್ಯಾಷನ್ ಎಂದುಕೊಂಡಿದ್ದೆ. ತಪ್ಪು. 1967ರಲ್ಲೇ ಅಮೆರಿಕದಲ್ಲಿ ಸೀಮರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫರ್ಜಿಗ್ ಮುಂತಾದವರು ಮಕ್ಕಳಿಗೆಂದೇ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ತಯಾರಿಸಿದರು. ನೆಲದ ಮೇಲೆ ಓಡಾಡುತ್ತಾ ಪೆನ್ನಿನಿಂದ ಗೆರೆ ಎಳೆಯುವ ಪುಟ್ಟ ಯಂತ್ರವೊಂದು ಅದರ ಜತೆಗೆ ಬಂತು. ಅದಕ್ಕೆ ಆಮೆ ಎಂದು ಹೆಸರು. ‘ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು’ ಎಂದರೆ ಹಾಗೇ ಮಾಡುತ್ತಿತ್ತು. ಮಕ್ಕಳ ತಲೆಗೆ ಪಾಠ ತುಂಬುವ ಬದಲು, ಮಕ್ಕಳೇ ಕಂಪ್ಯೂಟರಿಗೆ ಪಾಠ ಹೇಳಲಿ ಎಂಬುದು ಪ್ಯಾಪರ್ಟ್ ಅವರ ವಾದ. ಹಾಗೆ ಹೇಳಿಕೊಡುವಾಗ ಮಗುವೇ ಕಲಿಯುತ್ತದಂತೆ. ಮನೆಪಾಠ ಹೇಳುವ ಅಮ್ಮಂದಿರಿಗೆ ಇದು ಗೊತ್ತಿದ್ದ ಸತ್ಯವೇ!

ಇವತ್ತು ಆ ಆಮೆಯ ಮೊಮ್ಮಗಳಂತಿರುವುದು ‘ಸ್ಕ್ರ್ಯಾಚ್’. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2007ರಲ್ಲಿ ಹೊರತಂದ ಇದು ಪೂರಾ ಉಚಿತ. ಮುಖ್ಯವಾಗಿ ಎಂಟರಿಂದ ಹದಿನಾರು ವರ್ಷದ ಮಕ್ಕಳಿಗೆ. ಟೈಪ್ ಮಾಡಿ ತಪ್ಪು ಹುಡುಕುವ ಕಷ್ಟವಿಲ್ಲ. ಬಣ್ಣಬಣ್ಣದ ಸೂಚನೆ ಚೂರುಗಳನ್ನು ಎಳೆದು ಒಂದರ ಕೆಳಗೊಂದು ಅಂಟಿಸಿದರೆ ಪ್ರೋಗ್ರಾಂ ಸಿದ್ಧ. ಅದರಲ್ಲಿ ಪೆನ್ನಿನಿಂದ ಗೆರೆ ಎಳೆಯುವ ಸೌಲಭ್ಯವೂ ಇದೆ.

ನಾವು ಮೊದಲು ಚೌಕ ಬರೆದೆವು. ನೂರು ಹೆಜ್ಜೆ ಹೋಗು, 90 ಡಿಗ್ರಿ ತಿರುಗು, ಇದನ್ನೇ ನಾಲ್ಕು ಸಲ ಮಾಡು. ಚೌಕ ಬಂತು! ಉತ್ಸಾಹದಲ್ಲಿ ತ್ರಿಕೋನಕ್ಕೆ ಹೊರಟೆವು. ಸಮಬಾಹು ತ್ರಿಕೋನದ ಕೋನ 60 ಡಿಗ್ರಿ ಎಂಬುದು ನನಗೂ ಹೈಸ್ಕೂಲಿನಿಂದ ನೆನಪಿತ್ತು. ಹೋಗು, 60 ಡಿಗ್ರಿ ತಿರುಗು, ಮೂರು ಸಲ. ಬಂದಿದ್ದು ತ್ರಿಕೋನವಲ್ಲ, ಅರ್ಧ ಷಟ್ಕೋನ. ಬಾಯಿ ಸೇರಲೇ ಇಲ್ಲ.

ಇಬ್ಬರೂ ತಲೆ ಕೆರೆದುಕೊಂಡೆವು. ಕೊನೆಗೆ ‘ನೀನೇ ನಡೆದು ನೋಡು’ ಎಂದೆ. ಹಾಲಿನಲ್ಲಿ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ಗೆರೆಯ ಮೇಲೆ ನಡೆದೆವು. ಮೂಲೆಗೆ ಬಂದಾಗ ಗೊತ್ತಾಯಿತು, ತಿರುಗಬೇಕಾಗಿರುವುದು ಒಳಗಿನ ಕೋನವನ್ನಲ್ಲ. ನಮ್ಮ ಮೂಗು ಯಾವ ಕಡೆಗಿತ್ತೋ ಅಲ್ಲಿಂದ ಹೊಸ ಗೆರೆಯ ಕಡೆಗೆ, ಹೆಚ್ಚುಕಮ್ಮಿ ಹಿಂದಕ್ಕೇ ತಿರುಗಬೇಕು. 180ರಲ್ಲಿ 60 ಕಳೆದರೆ 120! ಮೂರು ಸಲ 120, ನಾಲ್ಕು ಸಲ 90, ಆರು ಸಲ 60 — ಎಲ್ಲವೂ 360ಕ್ಕೇ ಬಂದು ನಿಲ್ಲುತ್ತವೆ, ಅಂದರೆ ಒಂದು ಪೂರ್ತಿ ಸುತ್ತು. ಮೂವತ್ತೇಳನೇ ವಯಸ್ಸಿನಲ್ಲಿ ನನಗೆ ಹೊರಕೋನ ಅಂದರೇನೆಂದು ಕಾಲಿನಿಂದ ಅರ್ಥವಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮತ್ತೆ, ‘ಏನಮ್ಮಾ ಇದು, ರಂಗೋಲಿ ಇದ್ದ ಹಾಗಿದೆಯಲ್ಲ’ ಎಂದರು. ಅವರ ಮಾತು ಸರಿಯಾಗೇ ಇತ್ತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ತಮಿಳುನಾಡಿನ ಕೋಲಂ ರಂಗೋಲಿಯನ್ನು ಕಂಪ್ಯೂಟರ್ ವಿಜ್ಞಾನದ ನಿಯಮಗಳಲ್ಲಿ ಹೇಗೆ ಬರೆಯಬಹುದು ಎಂದು ಸಂಶೋಧನಾ ಪ್ರಬಂಧ ಪ್ರಕಟಿಸಿದ್ದರು. ಚುಕ್ಕಿ ಇಟ್ಟು, ಒಂದು ಎಳೆಯನ್ನು ನಾಲ್ಕು ದಿಕ್ಕಿಗೂ ತಪ್ಪದೆ ಸುತ್ತಿಸುವ ಹೆಂಗಸರ ಕೈಯಲ್ಲಿ ಲೂಪು ಯಾವತ್ತಿನಿಂದಲೂ ಇದೆ.

ಡಬ್ಬ ತೆರೆದ ದಿನ

ನಮ್ಮ ಕಿಟ್‌ನಲ್ಲಿದ್ದದ್ದು ಎರಡು ಮೋಟಾರು, ಎರಡು ಚಕ್ರ, ಮುಂದಕ್ಕೊಂದು ಗುಂಡು ಚಕ್ರ, ಪ್ಲಾಸ್ಟಿಕ್ ತಳ, ಬ್ಯಾಟರಿ ಡಬ್ಬಿ, ಎರಡು ಬಗೆಯ ಸೆನ್ಸಾರ್, ಒಂದಿಷ್ಟು ಸ್ಕ್ರೂ. ಇವಕ್ಕೆಲ್ಲ ಮೆದುಳಾಗಿ ‘ಮೈಕ್ರೋಬಿಟ್’ ಎಂಬ ಪುಟ್ಟ ಬೋರ್ಡು. ನಾಲ್ಕು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದ, ಅಷ್ಟೇ. ಬ್ರಿಟನ್ನಿನ ಬಿ.ಬಿ.ಸಿ. ಹಲವು ಸಂಸ್ಥೆಗಳ ಜತೆ ಸೇರಿ ಇದನ್ನು ತಯಾರಿಸಿ, 2016ರಲ್ಲಿ ಅಲ್ಲಿನ ಹನ್ನೊಂದು–ಹನ್ನೆರಡು ವರ್ಷದ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚಿತ್ತು. ಮುಖದ ಮೇಲೆ 25 ಪುಟ್ಟ ದೀಪಗಳು, ಎರಡು ಗುಂಡಿಗಳು. ಅಲುಗಾಡಿಸಿದರೆ ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುತ್ತದೆ, ಬೆಳಕು ಗೊತ್ತಾಗುತ್ತದೆ. 2020ರಲ್ಲಿ ಬಂದ ಎರಡನೇ ಮಾದರಿಗೆ ಸ್ಪೀಕರ್, ಮೈಕ್ ಕೂಡ ಇವೆ.

ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಗೆ ಸುರಿದುಕೊಂಡೆವು, ಕಳೆದುಹೋಗುವುದಿಲ್ಲ. ಆದರೆ ಬೋರ್ಡನ್ನು ಮಾತ್ರ ಸ್ಟೀಲ್ ತಟ್ಟೆಯ ಮೇಲೆ ಇಡಬೇಡಿ! ಬ್ಯಾಟರಿ ಸಿಕ್ಕಿಸಿದ್ದಾಗ ಲೋಹ ತಗುಲಿದರೆ ಶಾರ್ಟ್ ಆಗಿ ಬೋರ್ಡೇ ಸುಟ್ಟುಹೋಗಬಹುದು. ಮರದ ಮಣೆಯೋ ದಪ್ಪ ರಟ್ಟೋ ಒಳ್ಳೆಯದು.

ಬೋರ್ಡಿಗೆ ಸೂಚನೆ ಬರೆಯುವ ‘ಮೇಕ್‌ಕೋಡ್’ ಎಂಬ ತಾಣ ಕೂಡ ಉಚಿತ, ಸ್ಕ್ರ್ಯಾಚ್‌ನ ಹಾಗೇ ಚೂರು ಜೋಡಿಸುವುದು. ಪರದೆಯ ಮೇಲೇ ಒಂದು ಸುಳ್ಳು ಬೋರ್ಡ್ ಇರುತ್ತದೆ, ನಾವು ಬರೆದದ್ದು ಸರಿಯೇ ಎಂದು ಅದರಲ್ಲಿ ನೋಡಿಕೊಳ್ಳಬಹುದು. ಕಿಟ್ ಕೊಳ್ಳುವ ಮೊದಲೇ ವಾರಗಟ್ಟಲೆ ಅದರಲ್ಲಿ ಕಲಿಯಬಹುದು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಬರೆದಾದ ಮೇಲೆ ಯು.ಎಸ್.ಬಿ. ಕೇಬಲ್ ಚುಚ್ಚಿದರೆ ಬೋರ್ಡು ಪೆನ್‌ಡ್ರೈವ್ ತರಹ ಕಾಣಿಸುತ್ತದೆ, ಫೈಲನ್ನು ಅದಕ್ಕೆ ಎಳೆದು ಹಾಕಿದರಾಯಿತು. ಇವರ ಆಫೀಸ್ ಲ್ಯಾಪ್‌ಟಾಪಿಗೆ ಹೊರಗಿನದೇನನ್ನೂ ಚುಚ್ಚುವಂತಿಲ್ಲ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಒರೆಸಿ ಇಟ್ಟುಕೊಂಡೆವು, ಅದೇ ಸಾಕಾಯಿತು.

ಬಂಡಿ ಸಿದ್ಧವಾಯಿತು. ಗುಂಡಿ ಒತ್ತಿದಳು. ಮುಂದೆ ಹೋಗಬೇಕಾದ ಬಂಡಿ ನಿಂತಲ್ಲೇ ಗರಗರ ಸುತ್ತತೊಡಗಿತು! ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮಗಳ ಮುಖ ಬಾಡಿತು. ‘ಹಾಳಾಗೋಯ್ತು’ ಎಂದಳು. ಕೈಪಿಡಿ ಹುಡುಕಿದಾಗ ಒಂದು ಮೋಟಾರಿನ ಎರಡು ವೈರು ಅದಲುಬದಲಾದರೆ ಹೀಗಾಗುತ್ತದೆ ಎಂದಿತ್ತು. ಬ್ಯಾಟರಿ ತೆಗೆದು, ಆ ಎರಡು ವೈರು ಬದಲಾಯಿಸಿದೆವು. ಬಂಡಿ ಮುಂದಕ್ಕೆ ಹೊರಟಿತು. ಆ ಕ್ಷಣದ ಅವಳ ಕಿರುಚಾಟ ಕೇಳಿ ಎದುರುಮನೆಯವರು ಬಾಗಿಲು ತೆಗೆದರು!

ಮುಂದಿನ ತಪ್ಪು ನನ್ನದು. ‘ಮುಂದೆ ಹೋಗು, 2 ಕಾಯಿ, ನಿಲ್ಲು’ ಎಂದು ಬರೆದಿದ್ದೆ, ಎರಡು ಸೆಕೆಂಡ್ ಎಂದುಕೊಂಡು. ಬಂಡಿ ಅಲುಗಲೇ ಇಲ್ಲ. ಬ್ಯಾಟರಿ ಬದಲಿಸಿದೆವು, ವೈರು ಅಲ್ಲಾಡಿಸಿದೆವು. ಅರ್ಧ ಗಂಟೆಯ ಮೇಲೆ ಮಗಳೇ ಕಂಡುಹಿಡಿದಳು, ‘ಅಮ್ಮಾ, ಇಲ್ಲಿ ಎಂ.ಎಸ್. ಅಂತ ಇದೆ, ಮಿಲಿಸೆಕೆಂಡ್!’ ಸಾವಿರ ಮಿಲಿಸೆಕೆಂಡಿಗೆ ಒಂದು ಸೆಕೆಂಡ್. ಬಂಡಿ ಹೊರಡುವ ಮೊದಲೇ ‘ನಿಲ್ಲು’ ಎಂದು ಹೇಳಿದ್ದೆ. 2000 ಎಂದು ಬರೆದೆವು, ಓಡಿತು. ‘ನಿನಗೆ ಗೊತ್ತಾಗಲ್ಲ’ ಎಂದು ಅವಳು ಆವತ್ತು ಹೇಳಲಿಲ್ಲ. ‘ನಾನು ನೋಡಿದ್ದಕ್ಕೆ ಸಿಕ್ತು’ ಎಂದಳು, ಅಷ್ಟೇ.

ಬಂಡಿಗೆ ಕಣ್ಣು ಬಂತು

ಸೆನ್ಸಾರ್ ಜೋಡಿಸಿದ ಮೇಲೆ ನಿಜವಾದ ಮಜಾ. ಮುಂದೆ ಎರಡು ಗುಂಡು ಕಣ್ಣಿನ ಹಾಗಿರುವುದು ಅಲ್ಟ್ರಾಸಾನಿಕ್ ಸೆನ್ಸಾರ್. ಹೆಸರಿಗೆ ಕಣ್ಣು, ಕೆಲಸ ಬಾವಲಿಯದು. ಒಂದು ಕಣ್ಣು ನಮಗೆ ಕೇಳಿಸದಷ್ಟು ಕೀಚಲು ಶಬ್ದ ಹೊರಡಿಸುತ್ತದೆ, ಅದು ಗೋಡೆಗೆ ಬಡಿದು ಬರುವುದನ್ನು ಇನ್ನೊಂದು ಕೇಳಿಸಿಕೊಳ್ಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ಗೋಡೆ ಎಷ್ಟು ದೂರ ಎಂದು ಲೆಕ್ಕ. ‘20 ಸೆಂಟಿಮೀಟರಿಗಿಂತ ಹತ್ತಿರ ಏನಾದರೂ ಇದ್ದರೆ ನಿಲ್ಲು, ತಿರುಗು’ ಎಂದು ಬರೆದೆವು. ಗೋಡೆ, ಸೋಫಾ ಕಾಲು, ಅಜ್ಜಿಯ ಸ್ಟೂಲು, ಎಲ್ಲ ತಪ್ಪಿಸಿಕೊಂಡು ಓಡಾಡಿತು. ಆದರೆ ಕಿಟಕಿ ಪರದೆಗೆ ಹೋಗಿ ನೇರವಾಗಿ ನುಗ್ಗಿತು! ಮೆತ್ತನೆಯ ಬಟ್ಟೆ ಶಬ್ದವನ್ನು ನುಂಗಿಬಿಡುತ್ತದೆ, ಸರಿಯಾಗಿ ವಾಪಸ್ ಕಳಿಸುವುದಿಲ್ಲ. ಪರದೆ ಹಾಕಿದ ಕೋಣೆಯಲ್ಲಿ ಮಾತು ಕಂ ಎನ್ನುವುದಿಲ್ಲವಲ್ಲ, ಅದೇ ಕಾರಣ.

ಇನ್ನೊಂದು ಸೆನ್ಸಾರ್ ಬಂಡಿಯ ಹೊಟ್ಟೆ ಕೆಳಗೆ. ಕಣ್ಣಿಗೆ ಕಾಣದ ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬಿಳಿ ನೆಲವಾದರೆ ಬೆಳಕು ವಾಪಸ್ ಬರುತ್ತದೆ, ಕಪ್ಪಾದರೆ ಬರುವುದಿಲ್ಲ. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ದಾರಿ ಮಾಡಿದರೆ ಬಂಡಿ ಅದರ ಮೇಲೇ ಹೋಗಬೇಕು. ನಮ್ಮದು ಹಳೇ ಮನೆ, ಕಪ್ಪು ಬಿಳಿ ಚುಕ್ಕಿಯ ಮೊಸಾಯಿಕ್ ನೆಲ. ಬಂಡಿಗೆ ಎಲ್ಲೆಲ್ಲೂ ದಾರಿಯೇ ಕಂಡಿತು ಪಾಪ! ಕೊನೆಗೆ ಬಿಳಿ ಚಾರ್ಟ್ ಪೇಪರ್ ಹಾಸಿ ಟೇಪ್ ಅಂಟಿಸಿದೆವು. ಕಿಟಕಿಯ ಬಿಸಿಲು ಬೀಳುವ ಜಾಗದಲ್ಲೂ ಅದು ತಬ್ಬಿಬ್ಬಾಗುತ್ತದೆ, ನೆರಳಲ್ಲಿ ಆಡಿಸಿ.

ಆಯುಧಪೂಜೆ ದಿನ ನಮ್ಮತ್ತೆ ಮಿಕ್ಸಿ, ಗ್ರೈಂಡರ್, ಸ್ಕೂಟರಿನ ಜತೆ ಬಂಡಿಗೂ ಅರಿಶಿನ ಕುಂಕುಮ ಇಟ್ಟರು. ಎರಡು ಕಣ್ಣಿನ ನಡುವೆ, ಸರಿಯಾಗಿ!

ಬಂಡಿಗೆ ಬೈಯಲ್ಲ, ನನಗೆ ಯಾಕೆ ಬೈತೀಯ?

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ದಿನ ಗಣಿತದ ಕಿರುಪರೀಕ್ಷೆಯ ಪೇಪರ್ ಅವಳ ಬ್ಯಾಗಿನ ತಳದಲ್ಲಿ ಮಡಿಚಿಟ್ಟಿದ್ದು ಸಿಕ್ಕಿತು. ಇಪ್ಪತ್ತೈದಕ್ಕೆ ಹನ್ನೊಂದು. ಬಚ್ಚಿಟ್ಟಿದ್ದಳು. ಸುಳ್ಳು ಹೇಳುವುದಿಲ್ಲ, ನಾನು ಚೆನ್ನಾಗಿ ಬೈದೆ. ‘ಗಮನ ಎಲ್ಲಿರುತ್ತೆ ನಿಂಗೆ?’ ಎಂದೆ. ಪಕ್ಕದ ಮನೆ ಹುಡುಗಿಯ ಮಾರ್ಕ್ಸ್ ಕೂಡ ಎತ್ತಿ ಆಡಿದೆ.

ರಾತ್ರಿ ಮಲಗುವಾಗ ಅವಳು ಗೋಡೆ ಕಡೆ ತಿರುಗಿಕೊಂಡೇ ಕೇಳಿದಳು: ‘ಅಮ್ಮಾ, ಬಂಡಿ ತಪ್ಪು ಮಾಡಿದಾಗ ನೀನು ಬೈಯಲ್ಲ. ಎಲ್ಲಿ ತಪ್ಪಾಯ್ತು ನೋಡೋಣ ಅಂತೀಯ. ನಂಗೆ ಮಾತ್ರ ಯಾಕೆ ಬೈತೀಯ?’

ನನ್ನ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದೆಯೇ?

ಪ್ರೋಗ್ರಾಂನಲ್ಲಿ ಇರುವ ದೋಷಕ್ಕೆ ‘ಬಗ್’ ಎನ್ನುತ್ತಾರೆ, ಅಂದರೆ ಹುಳ. ಇಂಜಿನಿಯರುಗಳು ಮೊದಲಿನಿಂದಲೂ ಬಳಸುತ್ತಿದ್ದ ಪದ ಇದು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ, ಗ್ರೇಸ್ ಹಾಪರ್ ಎಂಬ ಹೆಸರಾಂತ ಮಹಿಳಾ ವಿಜ್ಞಾನಿ ಇದ್ದ ತಂಡಕ್ಕೆ ದೊಡ್ಡ ಕಂಪ್ಯೂಟರ್ ಒಂದರೊಳಗೆ ನಿಜವಾದ ಪತಂಗವೇ ಸಿಕ್ಕಿತು! ಅದನ್ನು ದಿನಚರಿ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿಟ್ಟರು. ಅದು ಇವತ್ತಿಗೂ ಭದ್ರವಾಗಿದೆ. ಬಗ್ ಹುಡುಕಿ ತೆಗೆಯುವುದಕ್ಕೆ ‘ಡೀಬಗ್ಗಿಂಗ್’ ಎಂದು ಹೆಸರು. ಅಕ್ಕಿ ಆರಿಸುವಾಗ ಹುಳ ಸಿಕ್ಕರೆ ನಾವೇನು ಅಕ್ಕಿಯನ್ನು ಬೈಯುತ್ತೇವೆಯೇ? ಇಡೀ ಚೀಲ ಎಸೆಯುತ್ತೇವೆಯೇ? ಹುಳ ತೆಗೆದು ಅನ್ನ ಮಾಡುತ್ತೇವೆ.

ಮಾರನೇ ದಿನ ಸಂಜೆ ಆ ಪೇಪರನ್ನು ಇಬ್ಬರೂ ಹರಡಿಕೊಂಡು ಕೂತೆವು. ಏಳು ಲೆಕ್ಕ ತಪ್ಪಾಗಿತ್ತು. ಒಂದೊಂದೇ ಸಾಲು ನೋಡುತ್ತಾ ಹೋದರೆ ಐದರಲ್ಲಿ ಒಂದೇ ಹುಳ: ಭಿನ್ನರಾಶಿ ಕೂಡುವಾಗ ಕೆಳಗಿನ ಅಂಕಿಗಳನ್ನೂ ಕೂಡಿಬಿಡುತ್ತಿದ್ದಳು. ಏಳು ತಪ್ಪು ಎಂದರೆ ದಡ್ಡಿ ಅನಿಸುತ್ತದೆ. ಒಂದು ಹುಳ, ಅದೂ ಸಿಕ್ಕಿದೆ ಎಂದರೆ ಮನಸ್ಸು ಹಗುರ. ಒಂದು ಅರ್ಧ ರೊಟ್ಟಿ, ಇನ್ನೊಂದು ಅರ್ಧ ರೊಟ್ಟಿ ಇಟ್ಟು ‘ಎರಡು ಬೈ ನಾಲ್ಕು ಆಗುತ್ತಾ, ಒಂದು ಪೂರ್ತಿ ಆಗುತ್ತಾ?’ ಎಂದೆ. ನಕ್ಕಳು.

ಅವಳ ಮಾರ್ಕ್ಸ್ ಮುಂದಿನ ಸಲ ಆಕಾಶಕ್ಕೇನೂ ಏರಲಿಲ್ಲ, ಹದಿನಾರು ಬಂತು. ಆದರೆ ಪೇಪರು ಬ್ಯಾಗಿನ ತಳದಲ್ಲಿರಲಿಲ್ಲ. ಅವಳೇ ತಂದು ಕೈಗಿತ್ತಳು.

ಕೊಳ್ಳುವ ಮುನ್ನ

‘ನಾವೂ ಒಂದು ಕಿಟ್ ತರೋಣ’ ಎನ್ನಿಸಿತೇ? ಸ್ವಲ್ಪ ತಾಳಿ. ಮೊದಲು ಪಾನಕದ ಆಟ, ಆಮೇಲೆ ಒಂದೆರಡು ತಿಂಗಳು ಉಚಿತವಾದ ಸ್ಕ್ರ್ಯಾಚ್, ಮೇಕ್‌ಕೋಡ್. ಐದರಿಂದ ಏಳು ವರ್ಷದವರಿಗೆ ‘ಸ್ಕ್ರ್ಯಾಚ್ ಜೂನಿಯರ್’ ಇದೆ, ಅದೂ ಉಚಿತ. ಅಷ್ಟಾದ ಮೇಲೂ ಮಗು ‘ಇನ್ನೂ ಬೇಕು’ ಎಂದರೆ ಬೋರ್ಡು ಕೊಡಿಸಿ. ಅಂಗಡಿಯಿಂದ ಅಂಗಡಿಗೆ ಬೆಲೆ ವ್ಯತ್ಯಾಸವಿದೆ. ಮೈಕ್ರೋಬಿಟ್ ಬೋರ್ಡ್ ಒಂದಕ್ಕೇ ಹೆಚ್ಚುಕಡಿಮೆ ಎರಡು ಸಾವಿರ ರೂಪಾಯಿ ಹಿಡಿಯುತ್ತದೆ, ಬಂಡಿ, ಸೆನ್ಸಾರ್ ಸೇರಿದರೆ ಅದರ ಎರಡರಷ್ಟೋ ಮೂರರಷ್ಟೋ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಮೋಟಾರು, ಚಕ್ರ, ವೈರು ಬಿಡಿಬಿಡಿಯಾಗಿ ಸಿಗುತ್ತವೆ. ಒಂದು ಚಕ್ರ ಮುರಿದರೆ ಇಡೀ ಕಿಟ್ ಮತ್ತೆ ಕೊಳ್ಳಬೇಕಿಲ್ಲ.

ಬಿಡಿಭಾಗ ಸಿಗದ ಕಿಟ್ ಬೇಡ. ಎಷ್ಟೇ ದೊಡ್ಡ ಹೆಸರಾದರೂ ಒಂದು ದಿನ ನಿಲ್ಲಬಹುದು. ಪ್ಯಾಪರ್ಟ್ 1980ರಲ್ಲಿ ಬರೆದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಹೆಸರನ್ನೇ ಇಟ್ಟುಕೊಂಡು 1998ರಲ್ಲಿ ಬಂದ ಲೆಗೋ ಕಂಪನಿಯ ರೋಬಾಟ್ ಕಿಟ್ ಜಗತ್ತಿನಾದ್ಯಂತ ಮನೆಮಾತಾಗಿತ್ತು. 2022ರ ಕೊನೆಗೆ ಅದರ ಮಾರಾಟವನ್ನು ಕಂಪನಿ ನಿಲ್ಲಿಸಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಅದರ ಸಾಫ್ಟ್‌ವೇರ್ ಈಗಿನ ಫೋನು, ಕಂಪ್ಯೂಟರಿನಲ್ಲಿ ನಡೆಯುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಮಗುವಿನ ಶಾಲೆಯಲ್ಲೂ ವಿಚಾರಿಸಿ. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಶುರುವಾದಂದಿನಿಂದ ದೇಶದ ಹತ್ತು ಸಾವಿರ ಶಾಲೆಗಳಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ಗಳಾಗಿವೆ. ಆರರಿಂದ ಹನ್ನೆರಡನೇ ತರಗತಿಯವರಿಗೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ ಘೋಷಿಸಿತ್ತು. ಲ್ಯಾಬ್ ಇದ್ದೂ ಬೀಗ ಬಿದ್ದಿದ್ದರೆ, ಪೋಷಕರ ಸಭೆಯಲ್ಲಿ ‘ಬೀಗ ಯಾವಾಗ ತೆಗೀತೀರಿ ಮೇಡಂ?’ ಎಂದು ಕೇಳುವ ಹಕ್ಕು ನಮಗಿದೆ.

ಇನ್ನು, ‘ಕೋಡಿಂಗ್ ಕಲಿಯದಿದ್ದರೆ ನಿಮ್ಮ ಮಗು ಹಿಂದೆ ಬೀಳುತ್ತದೆ’ ಎಂದು ಹೆದರಿಸುವ ಜಾಹೀರಾತುಗಳು. ಲಾಕ್‌ಡೌನ್ ಸಮಯದಲ್ಲಿ ಇಂಥವು ಎಷ್ಟು ಬಂದವು ಎಂದು ನೆನಪಿದೆಯಲ್ಲ? ಸಾಲ ಮಾಡಿ ತರಗತಿಗೆ ಸೇರಿಸುವ ಆತುರ ಬೇಡ. ಮಗು ಮುಂದೆ ಹಾಡುಗಾರ್ತಿಯೋ ವಕೀಲೆಯೋ ಆದರೂ, ತಪ್ಪು ಕಂಡರೆ ಹೆದರದೆ ಹುಡುಕುವ ಅಭ್ಯಾಸ ನಷ್ಟಕ್ಕೆ ಹೋಗುವುದಿಲ್ಲ. ಮತ್ತೊಂದು ಮಾತು. ಮನೆಯಲ್ಲಿ ಗಂಡು ಮಗು, ಹೆಣ್ಣು ಮಗು ಇಬ್ಬರೂ ಇದ್ದರೆ ಸ್ಕ್ರೂಡ್ರೈವರ್ ಒಬ್ಬನ ಕೈಯಲ್ಲೇ ಉಳಿಯದಂತೆ ನೋಡಿಕೊಳ್ಳಿ. ‘ನೀನು ಬಣ್ಣದ ಪೇಪರ್ ಅಂಟಿಸು’ ಎಂಬ ಕೆಲಸ ಮಗಳ ಪಾಲಿಗೇ ಬರುವುದು ಯಾಕೆ?

ನೆನಪಿರಲಿ

* ವಾರಕ್ಕೆ ಎರಡು ದಿನ, ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಒಲೆಯ ಮೇಲೆ ಏನನ್ನೂ ಇಟ್ಟು ಬಂದು ಕೂರಬೇಡಿ.

* ವೈರು ಮುಟ್ಟುವ ಮೊದಲು ಬ್ಯಾಟರಿ ತೆಗೆಯಿರಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬಟನ್ ಸೆಲ್, ಸ್ಕ್ರೂ ಕೈಗೆಟುಕದ ಕಡೆ ಇಡಿ. ನುಂಗಿದರೆ ಪ್ರಾಣಾಪಾಯ.

* ಕಲಿಯುವವರಿಗೆ ಟಾರ್ಚಿಗೆ ಹಾಕುವಂಥ ಮಾಮೂಲಿ ಸೆಲ್ ಒಳ್ಳೆಯದು. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಇರುವ ಕಿಟ್ ಆದರೆ ದೊಡ್ಡವರೇ ಚಾರ್ಜಿಗಿಡಿ.

* ನಿನ್ನೆ ಸರಿಯಾಗಿ ತಿರುಗಿದ ಬಂಡಿ ಇವತ್ತು ಅರ್ಧವೇ ತಿರುಗಿದರೆ ಪ್ರೋಗ್ರಾಂ ಕೆಡಿಸಬೇಡಿ, ಮೊದಲು ಸೆಲ್ ಬದಲಿಸಿ ನೋಡಿ.

* ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

* ಉತ್ತರ ನಿಮಗೆ ಗೊತ್ತಿದ್ದರೂ ತಕ್ಷಣ ಹೇಳಬೇಡಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಿ, ನಾಚಿಕೆ ಬೇಡ.

ಈಗ ನಮ್ಮ ಬಂಡಿ ಟಿ.ವಿ. ಸ್ಟ್ಯಾಂಡಿನ ಪಕ್ಕ ಇರುತ್ತದೆ. ಬೀರುವಿನ ಮೇಲಲ್ಲ. ಮೊನ್ನೆ ಸಂಜೆ ಚಪಾತಿ ಹಿಟ್ಟು ಕಲಸುತ್ತಿದ್ದೆ. ಹಾಲಿನಿಂದ ಕೂಗಿದಳು: ‘ಅಮ್ಮಾ, ಇದು ಯಾಕೋ ಎಡಗಡೆಗೇ ಎಳೀತಿದೆ. ಬೇಗ ಬಾ!’

ಕೈ ತೊಳೆದುಕೊಳ್ಳಲೂ ಪುರುಸೊತ್ತಿಲ್ಲದೆ ಓಡಿದೆ. ಹಿಟ್ಟು ಒಂದು ಹತ್ತು ನಿಮಿಷ ನೆನೆದರೆ ಚಪಾತಿ ಮೆತ್ತಗಾಗುತ್ತದೆ ಬಿಡಿ!